ತೂಕ ಮತ್ತು ಮುದ್ರೆ

ದಾರಿಯಲ್ಲಿ ಚೀಲ ಹರಿದು ಅಕ್ಕಿ ಸೋರಿದ್ದರೆ ತಕ್ಕಡಿ ಹೇಳುತ್ತದೆ. ಅಕ್ಕಿ ಕದ್ದು ಅಷ್ಟೇ ತೂಕದ ಮರಳು ತುಂಬಿದ್ದರೆ ಹೇಳುವುದಿಲ್ಲ. ಅದಕ್ಕೆ ಬಾಯಿಕಟ್ಟಿನ ಮೇಲೆ ಒಡೆಯನ ಮುದ್ರೆ ಬೇಕು. ವೈರ್‌ಲೆಸ್ ಜಾಲಗಳ ಭದ್ರತೆಯ ಕುರಿತು ಸಂಶೋಧನೆ ಮಾಡುತ್ತಿರುವ ನನಗೆ, ವೈ-ಫೈಯ ಮೊದಲ ವರ್ಷಗಳ ಕಥೆ ಈ ವ್ಯತ್ಯಾಸದ ಕಥೆಯಾಗಿಯೇ ಕಾಣುತ್ತದೆ.

ರೇಡಿಯೋ ಅಲೆಗೆ ಬೇಲಿಯಿಲ್ಲವೆಂಬುದು ಹಳೆಯ ಪಾಠ. 1903ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಾರ್ಕೋನಿಯ ಟೆಲಿಗ್ರಾಫ್ ಪ್ರದರ್ಶನಕ್ಕೆ ಸಜ್ಜಾಗಿತ್ತು. ಮಾರ್ಕೋನಿಯ ಸಂದೇಶಕ್ಕೂ ಮೊದಲೇ ಯಂತ್ರ ಆತನನ್ನು ಗೇಲಿ ಮಾಡುವ ಮಾತುಗಳನ್ನು ಬರೆದುಕೊಂಡಿತು. ಅವನ್ನು ಕಳಿಸಿದವನು ನೆವಿಲ್ ಮ್ಯಾಸ್ಕಲಿನ್ ಎಂಬ ಜಾದೂಗಾರ.

1997ರ 802.11 ಮಾನಕ ರೂಪಿಸಿದವರಿಗೆ ಈ ಅಪಾಯ ಗೊತ್ತಿತ್ತು. ಅವರ 'ವೆಪ್' ವಿಧಾನ ಸಂದೇಶದ ಕೊನೆಗೆ ಸಿಆರ್‌ಸಿ ಎಂಬ 32 ಬಿಟ್‌ಗಳ ತಾಳೆಸಂಖ್ಯೆ ಸೇರಿಸಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಮುಚ್ಚುತ್ತಿತ್ತು. ಆದರೆ ಸಿಆರ್‌ಸಿ ಬರೀ ತಕ್ಕಡಿ. ಗದ್ದಲದಿಂದ ಬಿಟ್ ಕೆಟ್ಟರೆ ಹಿಡಿಯುವುದಷ್ಟೇ ಅದರ ಕೆಲಸ. ಅದರ ಲೆಕ್ಕಕ್ಕೆ ಗುಪ್ತ ಕೀಲಿ ಬೇಕಿಲ್ಲ.

2001ರಲ್ಲಿ ಬೋರಿಸೊವ್, ಗೋಲ್ಡ್‌ಬರ್ಗ್ ಮತ್ತು ವ್ಯಾಗ್ನರ್ ಇದರ ಪರಿಣಾಮವನ್ನು ಬಿಡಿಸಿ ತೋರಿಸಿದರು. ಸಂದೇಶದ ಯಾವ ಬಿಟ್ ತಿರುಗಿಸಿದರೆ ತಾಳೆಸಂಖ್ಯೆಯ ಯಾವ ಬಿಟ್‌ಗಳು ತಿರುಗಬೇಕೆಂದು ಮೊದಲೇ ಲೆಕ್ಕ ಹಾಕಬಹುದು. ವೆಪ್‌ನ ಗೂಢಲಿಪಿಯ ಮೇಲೆಯೇ ಅವನ್ನು ತಿರುಗಿಸಬಹುದು. ಅಂದರೆ ಓದಲಾಗದ ಪತ್ರವನ್ನೂ ತಿದ್ದಬಹುದು! ತಲುಪಬೇಕಾದ ವಿಳಾಸವನ್ನೇ ಹೀಗೆ ಬದಲಿಸಿದರೆ, ಆಕ್ಸೆಸ್ ಪಾಯಿಂಟ್ ತಾನೇ ಗುಟ್ಟನ್ನು ಬಿಡಿಸಿ ಕಳ್ಳನಿಗೆ ಕಳಿಸಿಕೊಡುತ್ತಿತ್ತು. ತಿದ್ದುವುದನ್ನು ತಡೆಯದ ಬೀಗ ಗುಟ್ಟನ್ನೂ ಉಳಿಸಲಿಲ್ಲ.

2003ರಲ್ಲಿ ಬಂದ ಡಬ್ಲ್ಯುಪಿಎ, ಕೀಲಿ ಬಳಸುವ 'ಮೈಕೆಲ್' ಎಂಬ ಮುದ್ರೆಯನ್ನು ತಂದಿತು. ಹಳೆಯ ಯಂತ್ರಗಳಲ್ಲೂ ಓಡಬೇಕಿದ್ದರಿಂದ ಅದನ್ನು ಹಗುರವಾಗಿಯೇ ಕಟ್ಟಿದ್ದರು. ನಿಮಿಷದೊಳಗೆ ಎರಡು ಬಾರಿ ಮುದ್ರೆ ತಾಳೆಯಾಗದಿದ್ದರೆ 60 ಸೆಕೆಂಡು ಸಂಪರ್ಕ ನಿಲ್ಲಿಸಬೇಕೆಂಬ ನಿಯಮ ಆ ದೌರ್ಬಲ್ಯಕ್ಕೆ ಕೊಟ್ಟ ಊರುಗೋಲು. ಗಟ್ಟಿ ಮುದ್ರೆ ದೊರೆತದ್ದು 2004ರ 802.11ಐ ಮಾನಕದಲ್ಲಿ. ಎಇಎಸ್ ಆಧಾರಿತ ಸಿಸಿಎಂಪಿ ಗುಟ್ಟನ್ನೂ ಕಾಯುತ್ತದೆ, ಕೀಲಿಯಿಲ್ಲದವರು ತಿದ್ದಿದ್ದನ್ನೂ ಹಿಡಿಯುತ್ತದೆ.

ಸಿಆರ್‌ಸಿಯನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಇಂದಿಗೂ ಪ್ರತಿ ವೈ-ಫೈ ಚೌಕಟ್ಟಿನ ಬಾಲದಲ್ಲಿ ಅದು ಇದೆ, ಗದ್ದಲವನ್ನು ತೂಗುತ್ತಿದೆ. ತಕ್ಕಡಿಯಲ್ಲಿ ದೋಷವಿರಲಿಲ್ಲ, ಅದಕ್ಕೆ ಕಾವಲುಗಾರನ ಕೆಲಸ ಕೊಟ್ಟದ್ದು ತಪ್ಪಾಗಿತ್ತು.