ದೂರಸ್ಥ ತಂಡಗಳಲ್ಲಿ ಮೃದು ಕೌಶಲಗಳು

ಒಂದೇ ಕಚೇರಿಯಲ್ಲಿ ಸೇರದೆ, ಬೇರೆ ಬೇರೆ ಊರು ಅಥವಾ ದೇಶಗಳಲ್ಲಿದ್ದು ಅಂತರ್ಜಾಲ ಹಾಗೂ ದೂರವಾಣಿಯ ಮೂಲಕ ಒಟ್ಟಾಗಿ ಕೆಲಸ ಮಾಡುವ ಗುಂಪನ್ನು ದೂರಸ್ಥ ತಂಡ ಎನ್ನುತ್ತಾರೆ. ಇಂತಹ ತಂಡದ ಸದಸ್ಯರಿಗೆ ತಾಂತ್ರಿಕ ಜ್ಞಾನದ ಜೊತೆಗೆ ಬೇಕಾಗುವ ಸ್ಪಷ್ಟ ಬರವಣಿಗೆ, ಆಲಿಸುವಿಕೆ, ಪರಸ್ಪರ ನಂಬಿಕೆ, ಸ್ವಯಂಶಿಸ್ತು, ಭಿನ್ನಾಭಿಪ್ರಾಯ ನಿರ್ವಹಣೆ ಮುಂತಾದವು ಮೃದು ಕೌಶಲಗಳು. ಇವು ಎಲ್ಲ ಉದ್ಯೋಗಗಳಿಗೂ ಅಗತ್ಯವಾದವೇ. ಆದರೆ ಮುಖಾಮುಖಿ ಭೇಟಿಯಲ್ಲಿ ತಾನಾಗಿಯೇ ಸರಿಹೋಗುವ ಅನೇಕ ಸಂಗತಿಗಳನ್ನು ದೂರಸ್ಥ ತಂಡದಲ್ಲಿ ಪ್ರಯತ್ನಪೂರ್ವಕವಾಗಿ ಸರಿಪಡಿಸಬೇಕಾಗುವುದರಿಂದ, ಅಲ್ಲಿ ಇವುಗಳ ಮಹತ್ವ ಹೆಚ್ಚು.

ಪದದ ಮೂಲ

'ಮೃದು ಕೌಶಲ' ಎಂಬುದು ಇಂಗ್ಲಿಷಿನ 'ಸಾಫ್ಟ್ ಸ್ಕಿಲ್ಸ್' ಎಂಬುದರ ಅನುವಾದ. ಕನ್ನಡದಲ್ಲಿ ಎರಡೂ ರೂಪಗಳು ಬಳಕೆಯಲ್ಲಿವೆ. ಈ ಪದವು ಮೊದಲು ಪ್ರಚಾರಕ್ಕೆ ಬಂದದ್ದು ಅಮೆರಿಕದ ಸೇನೆಯ ತರಬೇತಿ ವಲಯದಲ್ಲಿ. ಯಂತ್ರ ಹಾಗೂ ಉಪಕರಣಗಳನ್ನು ನಡೆಸುವ ಕೆಲಸಗಳಿಂದ, ಜನರನ್ನು ಮುನ್ನಡೆಸುವ ಹಾಗೂ ಅವರೊಡನೆ ವ್ಯವಹರಿಸುವ ಕೆಲಸಗಳನ್ನು ಬೇರ್ಪಡಿಸಲು ಇದನ್ನು ಬಳಸಲಾಯಿತು. 1972ರಲ್ಲಿ ಅಮೆರಿಕದ ಸೇನೆಯು ಈ ಕೌಶಲಗಳ ತರಬೇತಿಯ ಕುರಿತೇ ಒಂದು ಸಮ್ಮೇಳನವನ್ನು ನಡೆಸಿತು.

ದೂರದಿಂದ ಕೆಲಸ ಮಾಡುವುದನ್ನು ಸೂಚಿಸುವ 'ಟೆಲಿಕಮ್ಯೂಟಿಂಗ್' ಎಂಬ ಪದವನ್ನು 1973ರಲ್ಲಿ ಅಮೆರಿಕದ ಜ್ಯಾಕ್ ನಿಲ್ಲೆಸ್ ಬಳಕೆಗೆ ತಂದರು. ಹೀಗೆ ಎರಡೂ ಪರಿಕಲ್ಪನೆಗಳು ಹೆಚ್ಚುಕಡಿಮೆ ಒಂದೇ ಕಾಲದವು. ಆದರೆ ಅವು ಒಂದಕ್ಕೊಂದು ಎಷ್ಟು ಹತ್ತಿರದವು ಎಂಬುದು ಜನಸಾಮಾನ್ಯರಿಗೆ ಮನವರಿಕೆಯಾದದ್ದು 2020ರ ಕೋವಿಡ್ ಸಾಂಕ್ರಾಮಿಕದ ನಂತರ.

ದೂರದಿಂದ ಉಂಟಾಗುವ ತೊಡಕುಗಳು

ಅಂತರ ಹೆಚ್ಚಿದಂತೆ ಮಾತುಕತೆ ಕಡಿಮೆಯಾಗುತ್ತದೆ ಎಂಬುದನ್ನು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಥಾಮಸ್ ಅಲೆನ್ 1970ರ ದಶಕದಲ್ಲಿ ತೋರಿಸಿದರು. ಎಂಜಿನಿಯರುಗಳ ಮೇಜುಗಳ ನಡುವಿನ ಅಂತರ ಹೆಚ್ಚಾದಂತೆ ಅವರು ಪರಸ್ಪರ ಮಾತನಾಡುವ ಸಂದರ್ಭಗಳು ತೀವ್ರವಾಗಿ ಇಳಿಯುವುದನ್ನು ಅವರು ಗುರುತಿಸಿದರು. ಇದನ್ನು 'ಅಲೆನ್ ವಕ್ರರೇಖೆ' ಎನ್ನುತ್ತಾರೆ.

ಬರವಣಿಗೆಯಲ್ಲಿ ದನಿ, ಮುಖಭಾವ, ಕೈಸನ್ನೆಗಳು ಇರುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಮೇಲ್ ಬರೆಯುವವರು ತಮ್ಮ ವ್ಯಂಗ್ಯ ಅಥವಾ ಗಾಂಭೀರ್ಯ ಓದುಗರಿಗೆ ತಿಳಿಯುತ್ತದೆ ಎಂದು ವಾಸ್ತವಕ್ಕಿಂತ ಹೆಚ್ಚಾಗಿ ನಂಬಿರುತ್ತಾರೆ. ತಮಾಷೆಗೆಂದು ಬರೆದ ಸಾಲು ಗದರಿಕೆಯಾಗಿ ಕಾಣುವುದು ಹೀಗೆ.

ಮೌನವೂ ತಪ್ಪು ಅರ್ಥಗಳಿಗೆ ಎಡೆಮಾಡುತ್ತದೆ. ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಜಂಟಿ ತಂಡಗಳನ್ನು ಅಭ್ಯಸಿಸಿ ಕ್ಯಾಥರೀನ್ ಕ್ರ್ಯಾಮ್ಟನ್ 2001ರಲ್ಲಿ ಪ್ರಕಟಿಸಿದ ಲೇಖನವು ಇದನ್ನು ವಿವರಿಸುತ್ತದೆ. ಉತ್ತರ ಬಾರದಿದ್ದಾಗ, ಅದಕ್ಕೆ ರಜೆ, ಪರೀಕ್ಷೆ ಅಥವಾ ತಾಂತ್ರಿಕ ದೋಷ ಕಾರಣವಿರಬಹುದು ಎಂದು ಯೋಚಿಸುವ ಬದಲು, ಆ ವ್ಯಕ್ತಿಯೇ ಬೇಜವಾಬ್ದಾರಿ ಎಂದು ಭಾವಿಸುವ ಪ್ರವೃತ್ತಿ ದೂರದ ತಂಡಗಳಲ್ಲಿ ಕಾಣುತ್ತದೆ.

ಪ್ರಮುಖ ಕೌಶಲಗಳು

• ಸ್ಪಷ್ಟ ಬರವಣಿಗೆ: ಏನು ಆಗಬೇಕು, ಯಾರು ಮಾಡಬೇಕು, ಯಾವಾಗ ಮುಗಿಯಬೇಕು ಎಂಬುದನ್ನು ಮತ್ತೆ ಕೇಳುವ ಅಗತ್ಯವಿಲ್ಲದಂತೆ ಬರೆಯುವುದು. ಓದುವವರು ಬೇರೆ ಸಮಯವಲಯದಲ್ಲಿದ್ದರೆ, ಒಂದು ಅಸ್ಪಷ್ಟ ವಾಕ್ಯದಿಂದ ಒಂದು ದಿನದ ಕೆಲಸವೇ ನಿಲ್ಲಬಹುದು.

• ಆಲಿಸುವಿಕೆ ಮತ್ತು ದೃಢಪಡಿಸುವಿಕೆ: ಕೇಳಿಸಿಕೊಂಡದ್ದನ್ನು ತನ್ನ ಮಾತಿನಲ್ಲಿ ಹೇಳಿ, ಸರಿಯಾಗಿ ಅರ್ಥವಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು.

• ಸದುದ್ದೇಶವನ್ನು ಭಾವಿಸುವುದು: ಒಂದು ಮಾತಿಗೆ ಎರಡು ಅರ್ಥಗಳು ಸಾಧ್ಯವಿದ್ದರೆ, ಮೊದಲು ಒಳ್ಳೆಯ ಅರ್ಥವನ್ನೇ ತೆಗೆದುಕೊಂಡು ಅನಂತರ ವಿಚಾರಿಸುವುದು.

• ಸಂಶಯವನ್ನು ಮುಂದಿಡುವ ಧೈರ್ಯ: ತಪ್ಪು ಕಂಡಾಗ ಸಂಕೋಚವಿಲ್ಲದೆ ಹೇಳುವುದು. ಹೀಗೆ ಹೇಳಿದವರು ಅವಮಾನಕ್ಕೆ ಗುರಿಯಾಗುವುದಿಲ್ಲ ಎಂಬ ತಂಡದ ನಂಬಿಕೆಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಏಮಿ ಎಡ್ಮಂಡ್‌ಸನ್ 1999ರ ತಮ್ಮ ಲೇಖನದಲ್ಲಿ 'ಮಾನಸಿಕ ಸುರಕ್ಷತೆ' ಎಂದು ಚರ್ಚಿಸಿದರು.

• ಸ್ವಯಂಶಿಸ್ತು: ಮೇಲ್ವಿಚಾರಕರು ಎದುರಿಲ್ಲದಿದ್ದರೂ ಕೆಲಸವನ್ನು ಮುಗಿಸುವುದು, ತಡವಾಗುವಂತಿದ್ದರೆ ಮುಂಚಿತವಾಗಿ ತಿಳಿಸುವುದು.

• ಪರಿಸ್ಥಿತಿಯ ಅರಿವು: ಸಹೋದ್ಯೋಗಿಯ ಹಗಲು-ರಾತ್ರಿ, ಹಬ್ಬ-ರಜೆ, ಭಾಷೆ ಮತ್ತು ಮನೆಯ ಅನಾನುಕೂಲಗಳನ್ನು ಗಮನದಲ್ಲಿ ಇಟ್ಟುಕೊಳ್ಳುವುದು.

ನಿದರ್ಶನಗಳು

ಮಾರ್ಸ್ ಕ್ಲೈಮೇಟ್ ಆರ್ಬಿಟರ್: ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರ್‌ನಲ್ಲಿ ಹಾರಿಸಿದ ಈ ನೌಕೆಯು 1999ರ ಸೆಪ್ಟೆಂಬರ್ 23ರಂದು ಮಂಗಳ ಗ್ರಹವನ್ನು ತಲುಪುವಾಗ ನಾಶವಾಯಿತು. ಕೊಲೊರಾಡೊದಲ್ಲಿದ್ದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ತಂಡದ ತಂತ್ರಾಂಶವು ಲೆಕ್ಕಗಳನ್ನು ಪೌಂಡ್ ಆಧಾರಿತ ಮಾನದಲ್ಲಿ ನೀಡಿತ್ತು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಪಥದರ್ಶಕ ತಂಡವು ಅವುಗಳನ್ನು ನ್ಯೂಟನ್ ಮಾನದಲ್ಲಿವೆ ಎಂದು ಭಾವಿಸಿತ್ತು. ಮೂಲದೋಷ ಮಾನದ್ದಾದರೂ, ತನಿಖಾ ಮಂಡಳಿಯು ತಂಡಗಳ ನಡುವಿನ ಸಂವಹನದ ಕೊರತೆಯನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಪಥದ ಲೆಕ್ಕದಲ್ಲಿ ಏರುಪೇರು ಇರುವುದು ಕೆಲವರ ಗಮನಕ್ಕೆ ಮೊದಲೇ ಬಂದಿತ್ತು. ಆದರೆ ಆ ಸಂಶಯವು ಅನೌಪಚಾರಿಕ ಸಂದೇಶಗಳ ಹಂತದಲ್ಲೇ ಉಳಿದು, ಪರಿಹಾರವಾಗುವವರೆಗೆ ಬೆನ್ನುಹತ್ತಲ್ಪಡಲಿಲ್ಲ.

ಲಿನಕ್ಸ್ ಕರ್ನೆಲ್: 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶವನ್ನು ಜಗತ್ತಿನ ನಾನಾ ಭಾಗಗಳ ಸಾವಿರಾರು ಜನ ಮುಖ್ಯವಾಗಿ ಇಮೇಲ್ ಮೂಲಕವೇ ಕಟ್ಟಿದ್ದಾರೆ. ದೂರಸ್ಥ ಸಹಯೋಗದ ಯಶಸ್ಸಿಗೆ ಇದು ದೊಡ್ಡ ಉದಾಹರಣೆ. ಆದರೆ ಅಲ್ಲಿನ ಕಟುವಾದ ಭಾಷೆಯ ಬಗ್ಗೆ ದೀರ್ಘಕಾಲ ಆಕ್ಷೇಪಗಳಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಟೊರ್ವಾಲ್ಡ್ಸ್ ತಮ್ಮ ವರ್ತನೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿ, ಕೆಲವು ವಾರಗಳ ಬಿಡುವು ಪಡೆದರು. ಅದೇ ಸಮಯದಲ್ಲಿ ಯೋಜನೆಯು ಹೊಸ ನಡವಳಿಕೆ ಸಂಹಿತೆಯನ್ನು ಅಂಗೀಕರಿಸಿತು.

ವಿಕಿಪೀಡಿಯ: 2001ರಲ್ಲಿ ಆರಂಭವಾದ ಈ ಮುಕ್ತ ವಿಶ್ವಕೋಶವೂ, 2003ರಲ್ಲಿ ಆರಂಭವಾದ ಅದರ ಕನ್ನಡ ಆವೃತ್ತಿಯೂ ಒಬ್ಬರನ್ನೊಬ್ಬರು ನೋಡದ ಸ್ವಯಂಸೇವಕರ ಕೆಲಸ. ಪ್ರತಿ ಲೇಖನಕ್ಕೂ ಚರ್ಚಾಪುಟವಿದ್ದು, ಇತರ ಸಂಪಾದಕರಲ್ಲಿ ಸದುದ್ದೇಶವನ್ನು ಭಾವಿಸಬೇಕು ಎಂಬುದು ಅಲ್ಲಿನ ಪ್ರಸಿದ್ಧ ಮಾರ್ಗಸೂಚಿಗಳಲ್ಲಿ ಒಂದು.

ಕರ್ನಾಟಕದಲ್ಲಿ

1985ರಲ್ಲಿ ಟೆಕ್ಸಾಸ್ ಇನ್ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ವಿದೇಶದ ತನ್ನ ಕಚೇರಿಗಳೊಂದಿಗೆ ಜೋಡಿಸಿತು. ಅಂದಿನಿಂದಲೇ ಬೆಂಗಳೂರಿನ ತಂತ್ರಜ್ಞರು ದೂರದ ತಂಡಗಳ ಭಾಗವಾಗಿದ್ದಾರೆ. ಭಾರತದ ಕಾಲವು ಸ್ಯಾನ್ ಫ್ರಾನ್ಸಿಸ್ಕೊಗಿಂತ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ ಮುಂದಿದೆ. ಆದ್ದರಿಂದ ಎರಡೂ ಕಡೆಯವರು ಒಟ್ಟಿಗೆ ಮಾತನಾಡಬೇಕಾದರೆ ಯಾರಾದರೊಬ್ಬರು ಬೆಳಗ್ಗೆ ಬೇಗ ಅಥವಾ ರಾತ್ರಿ ಕೂರಬೇಕಾಗುತ್ತದೆ. ಈ ಹೊರೆಯನ್ನು ಸರದಿಯಂತೆ ಹಂಚಿಕೊಳ್ಳುವುದೂ ತಂಡದ ಸೌಜನ್ಯಕ್ಕೆ ಸೇರಿದ ವಿಷಯ.

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಅನೇಕ ಉದ್ಯೋಗಿಗಳು ತಮ್ಮ ಊರುಗಳಿಂದಲೇ ಕೆಲಸ ಮುಂದುವರಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಮನೆಯಿಂದ ಕೆಲಸ ಮಾಡುವುದಕ್ಕಿದ್ದ ನಿಯಮಗಳನ್ನು ಸಡಿಲಿಸಿತು.

ಭಾಷೆಯ ರೂಢಿಗಳೂ ಇಲ್ಲಿ ಮುಖ್ಯವಾಗುತ್ತವೆ. ಕನ್ನಡಿಗರು ಮಾತಿನ ನಡುವೆ 'ಹೂಂ' ಎನ್ನುವುದು ಅನೇಕ ವೇಳೆ 'ಕೇಳುತ್ತಿದ್ದೇನೆ' ಎಂಬ ಸೂಚನೆ ಮಾತ್ರ. ದೂರವಾಣಿಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ 'ಯೆಸ್' ಎಂದಾಗ, ಎದುರಿನವರು ಒಪ್ಪಿಗೆ ಎಂದು ತಿಳಿಯಬಹುದು. 'ನೀವು' ಎಂಬ ಗೌರವರೂಪಕ್ಕೆ ಒಗ್ಗಿಕೊಂಡವರಿಗೆ ಹಿರಿಯ ಅಧಿಕಾರಿಯನ್ನು ಹೆಸರು ಹಿಡಿದು ಕರೆಯುವುದಾಗಲಿ, ಅವರ ಮಾತನ್ನು ಸಭೆಯಲ್ಲಿ ಅಲ್ಲಗಳೆಯುವುದಾಗಲಿ ಮುಜುಗರ ತರಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರ ಮೌನವನ್ನು ಅಜ್ಞಾನವೆಂದು ಎಣಿಸುವ ಅಪಾಯವೂ ಇದೆ. ಸಭೆಗೆ ಮುಂಚೆ ವಿಷಯಸೂಚಿಯನ್ನು ಕಳುಹಿಸುವುದು ಮತ್ತು ಅಭಿಪ್ರಾಯಗಳನ್ನು ಬರೆದು ತಿಳಿಸಲು ಅವಕಾಶ ಕೊಡುವುದು ಇಂತಹವರಿಗೆ ನೆರವಾಗುತ್ತದೆ.

ಸಂಶೋಧನೆ

ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯಲ್ಲಿ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ವರದಿ 2015ರಲ್ಲಿ ಪ್ರಕಟವಾಯಿತು. ಮನೆಯಿಂದ ಕೆಲಸ ಮಾಡಿದವರ ಸಾಧನೆ ಶೇಕಡಾ 13ರಷ್ಟು ಹೆಚ್ಚಿತ್ತು. ಆದರೆ ಅಷ್ಟೇ ಸಾಧನೆ ತೋರಿದ ಕಚೇರಿಯವರಿಗೆ ಹೋಲಿಸಿದರೆ ಅವರಿಗೆ ಬಡ್ತಿ ಕಡಿಮೆ ದೊರೆಯಿತು. ಮೈಕ್ರೋಸಾಫ್ಟ್‌ನ 61,182 ಉದ್ಯೋಗಿಗಳ 2020ರ ಮೊದಲ ಆರು ತಿಂಗಳ ಮಾಹಿತಿಯನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ದೂರಕಾರ್ಯದಿಂದ ಉದ್ಯೋಗಿಗಳ ಸಂಪರ್ಕಜಾಲ ತಮ್ಮ ತಮ್ಮ ಗುಂಪುಗಳೊಳಗೆ ಮುಚ್ಚಿಕೊಂಡಿತೆಂದು ಕಂಡುಕೊಂಡಿತು.

ಟೀಕೆಗಳು

'ಮೃದು' ಎಂಬ ವಿಶೇಷಣವು ಈ ಕೌಶಲಗಳನ್ನು ಸುಲಭ ಅಥವಾ ಗೌಣ ಎಂದು ಸೂಚಿಸುತ್ತದೆ ಎಂಬ ಆಕ್ಷೇಪವಿದೆ. ಇವುಗಳನ್ನು ಅಳೆಯುವುದು ಕಷ್ಟವಾದ್ದರಿಂದ, ಉಚ್ಚಾರಣೆ ಅಥವಾ ವಾಚಾಳಿತನವನ್ನೇ ಕೌಶಲವೆಂದು ತಪ್ಪಾಗಿ ಎಣಿಸುವ ಸಂಭವವಿದೆ. ಸಂಸ್ಥೆಯ ಕೊರತೆಗಳನ್ನು ವ್ಯಕ್ತಿಯ ಕೊರತೆಗಳೆಂದು ಬಿಂಬಿಸಬಾರದು ಎಂಬುದು ಮತ್ತೊಂದು ವಾದ. ಅಂತರ್ಜಾಲ ಸಂಪರ್ಕ ದುರ್ಬಲವಾಗಿರುವ, ಒಂದೇ ಕೋಣೆಯನ್ನು ಇಡೀ ಕುಟುಂಬ ಹಂಚಿಕೊಂಡಿರುವ ಅಥವಾ ಮನೆಗೆಲಸದ ಹೊರೆಯೂ ಮೇಲಿರುವ ಉದ್ಯೋಗಿಯ ಸಮಸ್ಯೆಯು ಸಂವಹನ ತರಬೇತಿಯಿಂದ ಮಾತ್ರ ಪರಿಹಾರವಾಗುವುದಿಲ್ಲ. ಸಮಂಜಸವಾದ ಕೆಲಸದ ಅವಧಿ ಮತ್ತು ಸಲಕರಣೆಗಳ ನೆರವು ಸಂಸ್ಥೆಯ ಕಡೆಯಿಂದ ಒದಗಿದಾಗಲೇ ಈ ಕೌಶಲಗಳು ಫಲ ಕೊಡುತ್ತವೆ.