ಮುಗ್ಗಲು

ಕೆಟ್ಟ ವಾಸನೆಗೆಲ್ಲ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಅನ್ನ ಹಳಸುತ್ತದೆ. ಹಳೇ ಕೊಬ್ಬರಿ ಕಮಟು ಹಿಡಿಯುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆ. ಜೋಳ, ರಾಗಿ, ಅಕ್ಕಿ ಮುಗ್ಗುತ್ತವೆ. ಒಣಗಿಯೇ ಇರಬೇಕಾದದ್ದು ಗಾಳಿಯಾಡದ ಕಡೆ ತೇವ ಕುಡಿದು ಕೂತಾಗ ಬರುವ ವಾಸನೆಯೇ ಮುಗ್ಗಲು. ತೆಲುಗಿನಲ್ಲಿ ಇಂಥ ಅಕ್ಕಿಗೆ ‘ಮುಕ್ಕಿಪೋಯಿನ ಬಿಯ್ಯಂ’ ಅನ್ನುತ್ತಾರೆ. ಎರಡೂ ಭಾಷೆ ಬಲ್ಲ ಹಿರಿಯೂರು, ಚಳ್ಳಕೆರೆ ಸೀಮೆಯವರಿಗೆ ಇವು ಅಕ್ಕತಂಗಿ ಮಾತುಗಳೆಂದು ಹೇಳಬೇಕಾಗಿಲ್ಲ.

ಈ ಮಾತು ಹುಟ್ಟಿ ಬೆಳೆದದ್ದು ಕಾಳಿನ ಜೊತೆಗೆ. ಬಯಲುಸೀಮೆಯಲ್ಲಿ ಜೋಳ, ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಸುತ್ತ ಹುಲ್ಲು ಕೊಟ್ಟು, ಬಾಯಿಗೆ ಚಪ್ಪಡಿ ಎಳೆದು, ಮೇಲೆ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಎಲ್ಲಾದರೂ ಒಂದು ಕಡೆ ನೀರು ಜಿನುಗಿದರೆ ಅಷ್ಟು ಭಾಗದ ಜೋಳ ಮುಗ್ಗುತ್ತಿತ್ತು. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡಬೇಕು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಮುಚ್ಚಿದ ಜಾಗದ ಗಾಳಿ ಜೀವ ತೆಗೆಯುತ್ತದೆಂಬುದು ಆ ಜನಕ್ಕೆ ಚೆನ್ನಾಗಿ ಗೊತ್ತಿತ್ತು. ಮುಗ್ಗಿದ ಶೇಂಗಾ ಕಹಿಯಾದರೆ ಉಗಿಯಬೇಕೆಂದು ಮಕ್ಕಳಿಗೆ ಹೇಳುವುದೂ ಅದೇ ತಿಳಿವಳಿಕೆ. ಆ ಬೂಷ್ಟಿನಲ್ಲಿ ಯಕೃತ್ತನ್ನು ಕೆಡಿಸುವ ಅಫ್ಲಾಟಾಕ್ಸಿನ್ ಇರಬಹುದು ಎಂದು ವಿಜ್ಞಾನ ಹೇಳಿದ್ದು 1960ರ ದಶಕದಲ್ಲಿ.

ಈಗ ಹಗೇವುಗಳು ಹೋಗಿವೆ, ಮಾತು ಮಾತ್ರ ಬಾಡಿಗೆ ಮನೆಗೆ ಬಂದು ಸೇರಿಕೊಂಡಿದೆ. “ರೂಮು ಚೆನ್ನಾಗಿದೆ, ಸ್ವಲ್ಪ ಮುಗ್ಗಲು ವಾಸನೆ” ಅನ್ನುವುದನ್ನು ಚಿತ್ರದುರ್ಗದ ಬಾಡಿಗೆ ಬೀದಿಗಳಲ್ಲಿ ಕೇಳುತ್ತೇನೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ಇದು. ಇಲ್ಲಿನ ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ದುರ್ಗ, ಹೊಸದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿ ಇದೆ. ಇಂಥ ಊರಿನ ಮನೆ ಮುಗ್ಗಿದರೆ ಅದಕ್ಕೆ ಹವೆಯನ್ನು ದೂರಿ ಪ್ರಯೋಜನವಿಲ್ಲ. ಒಂದೇ ಸೈಟಿನಲ್ಲಿ ನಾಲ್ಕು ಮನೆ ಎಬ್ಬಿಸಿ, ಪಕ್ಕದ ಗೋಡೆಗೆ ಗೋಡೆ ತಾಗಿಸಿ, ಒಂದೇ ಕಿಟಕಿ ಇಟ್ಟು, ಬಚ್ಚಲನ್ನು ಮಲಗುವ ಕೋಣೆಯೊಳಕ್ಕೇ ತಂದದ್ದು ನಾವು.

ದೂರು ಹೇಳಲು ಹೋದರೆ ಓನರ್ ಬಾಯಲ್ಲಿ ಮಾತು ಬದಲಾಗುತ್ತದೆ. “ಅದು ಮಳೆಗಾಲದ ಥಂಡಿ ಕಣಮ್ಮ, ಬಿಸಿಲು ಬಂದ್ರೆ ಹೋಗುತ್ತೆ. ನೀವು ಕಿಟಕಿ ತೆಗೀಬೇಕು.” ಥಂಡಿ ಅಂದರೆ ತಾನಾಗಿ ಬಂದದ್ದು, ತಾನಾಗಿ ಹೋಗುವಂಥದ್ದು. ಮುಗ್ಗಲು ಅಂದರೆ ಎಲ್ಲೋ ನೀರು ಸೇರಿದೆ, ಹೊರಗೆ ಹೋಗಲು ಅದಕ್ಕೆ ದಾರಿಯಿಲ್ಲ. ಬಾಡಿಗೆದಾರರು ಈ ಎರಡನೇ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಕಿಟಕಿಯ ಮಾತಿನಲ್ಲೂ ಕೆಲವೊಮ್ಮೆ ನಿಜವಿರುತ್ತದೆ. ಒಳಗೇ ಬಟ್ಟೆ ಒಣಹಾಕಿ, ಕದ ಮುಚ್ಚಿ ಅಡುಗೆ ಮಾಡಿದರೆ ಆ ಆವಿಯೆಲ್ಲ ತಣ್ಣನೆಯ ಗೋಡೆಗೇ ಹೋಗಿ ಕೂರುತ್ತದೆ. ತಪ್ಪು ಯಾರದೆಂದು ತಿಳಿಯಲು ಸುಲಭದ ಉಪಾಯವಿದೆ. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಬಿಗಿದು ಎರಡು ದಿನ ಬಿಡಿ. ಹಾಳೆಯ ಮೇಲ್ಗಡೆ ಹನಿ ಕೂತರೆ ಅದು ಕೋಣೆಯ ಆವಿ, ಕಿಟಕಿ ತೆಗೆಯಬೇಕು. ಹಾಳೆಯ ಹಿಂದೆ, ಗೋಡೆಯ ಕಡೆ ಹನಿ ಕೂತರೆ ನೀರು ಗೋಡೆಯಿಂದಲೇ ಬರುತ್ತಿದೆ: ಬಚ್ಚಲ ಪೈಪು, ತಾರಸಿ ಬಿರುಕು, ಇಲ್ಲವೇ ಪಾಯ. ನೆಲದಿಂದ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿ, ಉಗುರು ತಾಗಿದರೆ ಬಿಳಿ ಪುಡಿ ಉದುರುತ್ತಿದ್ದರೆ ಪಾಯದ ತೇವವೇ. ಇಟ್ಟಿಗೆ, ಗಾರೆಯ ಉಪ್ಪು ನೀರಿನೊಡನೆ ಮೇಲೇರಿ, ನೀರು ಆರಿದ ಮೇಲೆ ಅಲ್ಲೇ ಉಳಿದದ್ದು ಆ ಪುಡಿ. ಗಾಳಿಯಲ್ಲಿ ತೇವ ಹೆಚ್ಚಿದಾಗ ಆ ಉಪ್ಪೇ ಮತ್ತೆ ನೀರು ಹೀರುತ್ತದೆ.

ಹಸಿ ಗೋಡೆಗೆ ಮಿರುಗುವ ಪೇಂಟು ಬಳಿದು ‘ಟು ಲೆಟ್’ ಬೋರ್ಡು ಹಾಕುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಆ ಪೇಂಟು ನೀರನ್ನು ಒಳಗೇ ಕಟ್ಟಿಹಾಕುತ್ತದೆ. ಹಬ್ಬಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದ ಗೋಡೆ ಉಸಿರಾಡುತ್ತಿತ್ತು, ಸುಣ್ಣದ ಕ್ಷಾರಕ್ಕೆ ಬೂಷ್ಟೂ ಸುಲಭಕ್ಕೆ ಹತ್ತುತ್ತಿರಲಿಲ್ಲ. ಮನೆ ನೋಡಲು ಹೋದವರು ಹಾಲ್ ನೋಡಿ ಮರುಳಾಗದೆ ಗೋಡೆ ಬೀರುವಿನ ಕದ ತೆರೆದು ಒಳಗೆ ಮೂಗಿಡಬೇಕು. ಪೇಂಟಿನ ವಾಸನೆ ಅಲ್ಲಿ ಏನನ್ನೂ ಮುಚ್ಚಿಡಲಾರದು.

ನುಸಿಗುಳಿಗೆ, ಸಾಂಬ್ರಾಣಿ ವಾಸನೆಯನ್ನು ಮರೆಮಾಡುತ್ತವೆ, ಅಷ್ಟೇ. ಬೀರು ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ಸ್ನಾನವಾದ ಮೇಲೆ ಬಚ್ಚಲ ಕಿಟಕಿ ತೆರೆದಿಡುವುದು ಬಾಡಿಗೆದಾರರ ಕೆಲಸ. ಸೋರುವ ಪೈಪು, ತಾರಸಿ ಓನರ್ ಕೆಲಸ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಮಾಡಿಸಲೇಬೇಕಾದದ್ದು ಯಾವುದು ಎಂಬಲ್ಲೇ ಜಗಳ ಹುಟ್ಟುತ್ತದೆ. ಹಾಗಾಗಿ ಅಡ್ವಾನ್ಸ್ ಎಣಿಸಿಕೊಡುವ ಮುಂಚೆ ಕರಾರು ಪತ್ರದಲ್ಲಿ ಒಂದು ಸಾಲು ಸೇರಿಸಿ: ಗೋಡೆ, ತಾರಸಿ, ಪೈಪಿನಿಂದ ನೀರು ಜಿನುಗಿ ಮನೆ ಮುಗ್ಗಿದರೆ ದುರಸ್ತಿ ಮಾಲೀಕರದು.