ಖಡಕಿಯ ತೋಟಾ, ಕೊಡಗಿನ ಕೋವಿ

ಇಂದಾಪುರದಲ್ಲಿ ಕೊಡಗು ಅಂದರೆ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. ‘ಕೂರ್ಗ್’ ಅನ್ನಬೇಕು. ಅಂದ ಕೂಡಲೇ ಎರಡು ಮಾತು ಬರುತ್ತವೆ. ಒಂದು ಕಾಫಿ, ಇನ್ನೊಂದು ಬಂದೂಕು. ‘ನಿಮ್ಮ ಕಡೆ ಬಂದೂಕಿಗೆ ಲೈಸೆನ್ಸೇ ಬೇಡವಂತಲ್ಲ ಅಣ್ಣಾ?’ ಅಂತ ಕೇಳುತ್ತಾರೆ. ದಕ್ಷಿಣದಿಂದ ಬಂದವರೆಲ್ಲ ಇಲ್ಲಿ ಅಣ್ಣಂದಿರೇ. ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳಲು ಬಂದು ಇಲ್ಲೇ ಉಳಿದ ನನಗೆ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಅಭ್ಯಾಸವಾಗಿದೆ. ಆದರೆ ಉತ್ತರ ಹೇಳುವಾಗ ನಾನೂ ಒಂದು ಮಾತು ಸೇರಿಸುತ್ತೇನೆ: ‘ಕೋವಿ ನಮ್ಮದು, ಸರಿ. ಅದರ ಹೊಟ್ಟೆಗೆ ಹಾಕುವುದು ಮಾತ್ರ ನಿಮ್ಮ ಜಿಲ್ಲೆಯದು!’

ಇದು ತಮಾಷೆಯ ಮಾತಲ್ಲ. ಇಂದಾಪುರದಿಂದ ಸೊಲ್ಲಾಪುರ ಹೆದ್ದಾರಿ ಹಿಡಿದು ಪುಣೆ ನಗರ ದಾಟಿದರೆ ಖಡಕಿ ಸಿಗುತ್ತದೆ. ಅಲ್ಲಿ 1869ರಲ್ಲಿ ಬ್ರಿಟಿಷರು ಕಟ್ಟಿದ ಮದ್ದುಗುಂಡಿನ ಕಾರ್ಖಾನೆ ಇಂದಿಗೂ ನಡೆಯುತ್ತಿದೆ. ಅಲ್ಲಿ ತಯಾರಾದ ಹನ್ನೆರಡು ಬೋರಿನ ‘ಶಕ್ತಿಮಾನ್’ ತೋಟಾಗಳನ್ನು ನಮ್ಮ ಕಡೆಯ ಕೋವಿ ಇರುವ ಮನೆಗಳಲ್ಲಿ ನೋಡದವರಿಲ್ಲ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಬಂದಾಗ ಕೋವಿಯನ್ನು ಒರೆಸಿ, ದೇವರ ಮುಂದಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಆ ಢಮಾರ್ ಸದ್ದು ಎಷ್ಟೋ ಸಲ ಪುಣೆ ಜಿಲ್ಲೆಯಿಂದ ಹೋದದ್ದೇ.

ಹಾಗಾದರೆ ಖಡಕಿಗಿಂತ ಮೊದಲು? ಆಗ ಮದ್ದು ತುಂಬುವುದು ಮನೆಯ ಕೆಲಸವಾಗಿತ್ತು. ಕೇಪಿನ ಕೋವಿ ಇದ್ದವರಿಗೆ ಇದು ಗೊತ್ತು. ನಳಿಗೆಯ ಬಾಯಿಂದ ಕರಿಮದ್ದು ಸುರಿಯಬೇಕು, ತೆಂಗಿನ ನಾರಿನದೋ ಬಟ್ಟೆಯದೋ ಉಂಡೆ ಇಟ್ಟು ಸಲಾಕೆಯಿಂದ ಜಡಿಯಬೇಕು, ಮೇಲೆ ಚರೆ ಹಾಕಬೇಕು, ಅದು ಉರುಳಿ ಬೀಳದಂತೆ ಇನ್ನೊಂದು ಉಂಡೆ. ಕೊನೆಗೆ ಹಿಂದುಗಡೆ ಕೇಪು. ಹಕ್ಕಿಗೆ ಸಣ್ಣ ಚರೆ, ಹಂದಿಗೆ ದೊಡ್ಡ ಗುಂಡು. ಎಷ್ಟು ಮದ್ದಿಗೆ ಎಷ್ಟು ಚರೆ ಎನ್ನುವುದು ಪುಸ್ತಕದಲ್ಲಿ ಇರಲಿಲ್ಲ, ಹಿರಿಯರ ಕೈಯಲ್ಲಿತ್ತು. ಹೆಚ್ಚಾದರೆ ನಳಿಗೆಯೇ ಸಿಡಿದು ಕೈ ಹೋಗುತ್ತಿತ್ತು. ಅದಕ್ಕೇ ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಈಗ ತೋಟಾ ಅಂದರೇನು ನೋಡಿ. ಈ ನಾಲ್ಕು ಸಾಮಾನುಗಳೇ ಒಂದು ಕೊಳವೆಯಲ್ಲಿ ಒಟ್ಟಾದದ್ದು: ಕೊಳವೆ, ಅದರ ಬುಡಕ್ಕೆ ಕೇಪು, ಒಳಗೆ ಮದ್ದು, ತುದಿಗೆ ಗುಂಡು ಅಥವಾ ಚರೆ. ಹೊಡೆದ ಮೇಲೆ ಮೂರು ಮುಗಿದುಹೋಗುತ್ತವೆ, ಹಿತ್ತಾಳೆಯ ಕೊಳವೆ ಉಳಿಯುತ್ತದೆ. ನಾಲ್ಕರಲ್ಲಿ ಬೆಲೆಬಾಳುವುದು ಅದೇ. ಅದನ್ನು ಎಸೆಯುವುದೇಕೆ ಅಂತ ಯೋಚನೆ ಮಾಡಿದವರಿಂದ ಶುರುವಾದದ್ದು ತೋಟಾ ಮರುತುಂಬುವ ಕಸುಬು. ಅಮೆರಿಕದಲ್ಲಿ ಜಾನ್ ಬಾರ್ಲೊ ಎಂಬವನು 1884ರಲ್ಲಿ ‘ಐಡಿಯಲ್’ ಎಂಬ ಕಂಪನಿ ಮಾಡಿ, ಇಕ್ಕಳದಂಥ ಕೈಸಾಧನ ಮಾರತೊಡಗಿದ. ಅಲ್ಲಿ ಇವತ್ತಿಗೂ ಗುರಿಕಾರರು ಮನೆಯ ಮೇಜಿನ ಮೇಲೆ ಸಣ್ಣ ಪ್ರೆಸ್ ಕೂರಿಸಿಕೊಂಡು, ತಕ್ಕಡಿಯಲ್ಲಿ ಮದ್ದು ತೂಗಿ, ತಮ್ಮ ಬಂದೂಕಿಗೆ ಒಗ್ಗುವ ತೋಟಾ ತಾವೇ ತುಂಬಿಕೊಳ್ಳುತ್ತಾರೆ. ಖರ್ಚು ಕಡಿಮೆ, ಗುರಿಯೂ ಹೆಚ್ಚು ಖಚಿತ.

ಇದರಲ್ಲೊಂದು ವಿಚಿತ್ರ ಇದೆ. ಹಿತ್ತಾಳೆ ತೋಟಾದ ಬುಡಕ್ಕೆ ಕೂರಿಸುವ ಕೇಪಿನಲ್ಲಿ ಎರಡು ಬಗೆ. ಒಂದನ್ನು ಕಂಡುಹಿಡಿದವನು ಇಂಗ್ಲೆಂಡಿನ ಬಾಕ್ಸರ್, ಇನ್ನೊಂದನ್ನು ಅಮೆರಿಕದ ಬರ್ಡನ್, ಎರಡೂ 1860ರ ದಶಕದಲ್ಲಿ. ಬಾಕ್ಸರ್ ಬಗೆಯ ಹಳೆ ಕೇಪನ್ನು ಒಂದು ಕಡ್ಡಿಯಿಂದ ಒಳಗಿನಿಂದ ತಳ್ಳಿದರೆ ಸಾಕು, ಬಿದ್ದುಹೋಗುತ್ತದೆ. ಬರ್ಡನ್ ಬಗೆಯದು ಅಷ್ಟು ಸಲೀಸಾಗಿ ಬರುವುದಿಲ್ಲ. ಇಂಗ್ಲಿಷರವನ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವನದು ಯುರೋಪಿನಲ್ಲಿ ಬೇರು ಬಿಟ್ಟಿತು. ಊರು ಬಿಟ್ಟವರು ಎಲ್ಲೆಲ್ಲಿ ನೆಲೆ ಕಾಣುತ್ತಾರೆ ಅಂತ ಯಾರು ಹೇಳಬಲ್ಲರು!

ನಮ್ಮ ದೇಶದಲ್ಲಿ ಈ ಕಸುಬು ಯಾಕೆ ಹವ್ಯಾಸವಾಗಿ ಬೆಳೆಯಲಿಲ್ಲ? ಉತ್ತರಕ್ಕೆ 1857ಕ್ಕೆ ಹೋಗಬೇಕು. ಸಿಪಾಯಿಗಳ ದಂಗೆಗೆ ಕಿಡಿ ಹತ್ತಿದ್ದೇ ತೋಟಾದಿಂದ. ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಅದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಅಂತ ಸುದ್ದಿ ಹಬ್ಬಿತು. ಅದೇ ವರ್ಷ ಸರಕಾರ ಜನರ ಆಯುಧ ಕಿತ್ತುಕೊಳ್ಳುವ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ‘ನಮ್ಮ ಹತಾರ ಕೊಡೋದಿಲ್ಲ’ ಎಂದು ನಿಂತರು. ನವೆಂಬರ್ ಕೊನೆಗೆ ದಂಡು ಬಂದು ಊರನ್ನೇ ಸುಟ್ಟಿತು. ಸಿಕ್ಕಿದ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಆ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವನೂ ಒಬ್ಬ ಬ್ರಿಟಿಷ್ ಅಧಿಕಾರಿಯೇ, ಶಾಸನ ವಿದ್ವಾಂಸ ಫ್ಲೀಟ್.

ಹಲಗಲಿಗೆ ಹೀಗಾದರೆ, ಕೊಡಗಿಗೆ ಬೇರೆಯೇ ಆಯಿತು. 1861ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕೊನೆಯ ದಿನಗಳಲ್ಲಿ, ಕೊಡಗಿನವರನ್ನು ಆ ಕಾಯಿದೆಯಿಂದ ಬಿಟ್ಟರು. ಶೌರ್ಯಕ್ಕೆ ಸಿಕ್ಕ ಮರ್ಯಾದೆ ಅಂತ ನಾವು ಹೇಳಿಕೊಳ್ಳುತ್ತೇವೆ. ನಿಜ, ಆದರೆ ಪೂರ್ತಿ ನಿಜವಲ್ಲ. ಅದು ನಿಷ್ಠೆಗೆ ಸಿಕ್ಕ ಬಹುಮಾನವೂ ಹೌದು. ಅದಕ್ಕೆ ಇಪ್ಪತ್ತನಾಲ್ಕು ವರ್ಷ ಮೊದಲು, 1837ರಲ್ಲಿ, ಇದೇ ಸೀಮೆಯಿಂದ ದಂಗೆಯೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ನೇಣಿಗೇರಿಸಿದ್ದರು. ಒಬ್ಬರ ಕೈಯಲ್ಲಿ ಕೋವಿ ಉಳಿಯಿತು, ಇನ್ನೊಬ್ಬರ ಕೊರಳಿಗೆ ಹಗ್ಗ ಬಂತು. ಗೌಡರ ಮನೆಯಲ್ಲಿ ಹುಟ್ಟಿದ ನನಗೆ ಈ ಎರಡೂ ನಮ್ಮ ಇತಿಹಾಸವೇ.

ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರ ಕಾಯಿದೆ ಬಂತು. ಅದರಲ್ಲಿ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ‘ಮದ್ದುಗುಂಡು’ ಎಂಬ ಮಾತಿನೊಳಗೆ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರವೂ ಸೇರಿವೆ. ಅಂದರೆ ಅಮೆರಿಕದ ಗುರಿಕಾರನ ಮೇಜಿನ ಮೇಲಿನ ಆ ಪ್ರೆಸ್ ಕೂಡ ನಮ್ಮ ಕಾಯಿದೆಯ ಕಣ್ಣಿಗೆ ಮದ್ದುಗುಂಡೇ! ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಮುಂದುವರಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. 2019ರಲ್ಲಿ ಕೇಂದ್ರ ಸರಕಾರ ಆ ವಿನಾಯಿತಿಯನ್ನು 2029ರ ವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು.

ಈ ವಿನಾಯಿತಿಯ ನಿಯಮದಲ್ಲಿ ಹೊರಊರಲ್ಲಿರುವ ನನ್ನಂಥವರ ಮನಸ್ಸಿಗೆ ನಾಟುವ ಒಂದು ಮಾತಿದೆ. ಕೊಡಗಿನ ಹೊರಗೆ ಪ್ರಯಾಣ ಮಾಡುವಾಗ ಒಂದು ರೈಫಲ್ಲು, ಅದಕ್ಕೆ 100 ಗುಂಡು. ಒಂದು ಚರೆ ಕೋವಿ, ಅದಕ್ಕೆ 500 ತೋಟಾ ‘ಅಥವಾ ಅದಕ್ಕೆ ಸಮನಾದ ಸೀಸದ ಚರೆ ಮತ್ತು ಮದ್ದು’, ಇದಕ್ಕಿಂತ ಹೆಚ್ಚು ಒಯ್ಯಬಾರದು. ಆ ‘ಅಥವಾ’ ಗಮನಿಸಿ. ಮನೆಯಲ್ಲಿ ಅಳೆದು ಸುರಿಯುವ ಕೈಯನ್ನು ಖಡಕಿಯ ಕಾರ್ಖಾನೆಗೆ ಸರಿಸಮವಾಗಿ ಕೂರಿಸಿದ ಮಾತು ಅದು. ನಳಿಗೆಗೆ ಮದ್ದು ಸುರಿದರೆ ಕೋವಿ ತುಂಬಿದಂತೆ, ಅದೇ ಮದ್ದನ್ನು ಖಾಲಿ ತೋಟಾಕ್ಕೆ ಸುರಿದರೆ ಕಾರ್ಖಾನೆ ನಡೆಸಿದಂತೆ! ಎರಡರ ನಡುವೆ ಇರುವುದು ಒಂದು ಹಿತ್ತಾಳೆಯ ಕೊಳವೆ ಮಾತ್ರ.

ಈ ಕಡೆಯ ಗುರಿಕಾರರ ಪಾಡೂ ಹೆಚ್ಚು ಬೇರೆಯಲ್ಲ. ಪುಣೆಯ ಬಾಲೇವಾಡಿಯಲ್ಲಿ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಕ್ರೀಡಾಸಂಕೀರ್ಣದಲ್ಲಿ ಶೂಟಿಂಗ್ ರೇಂಜ್ ಇದೆ. ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ಲಿನಲ್ಲಿ ಕಂಚು ಗೆದ್ದಾಗ ಇಂದಾಪುರದ ಚಹಾದಂಗಡಿಯಲ್ಲೂ ಅದೇ ಮಾತು. ಅವರ ಆಟದ .22 ಗುಂಡಿಗೆ ಬೇರೆ ಕೇಪಿಲ್ಲ, ಸಿಡಿಯುವ ಮದ್ದು ಬುಡದ ಅಂಚಿನೊಳಗೇ ಇರುತ್ತದೆ. ಸುತ್ತಿಗೆಯ ಏಟಿಗೆ ಅಂಚು ಜಜ್ಜಿಹೋದ ಮೇಲೆ ಅದನ್ನು ಮತ್ತೆ ತುಂಬಿ ಆಡುವವರಿಲ್ಲ. ಪ್ರತಿ ಅಭ್ಯಾಸಕ್ಕೂ ಹೊಸ ಗುಂಡೇ ಬೇಕು, ಒಳ್ಳೆಯದು ಹೊರದೇಶದಿಂದಲೇ ಬರಬೇಕು.

ಇಷ್ಟು ಹೇಳಿದ ಮೇಲೆ, ಮನೆಯಲ್ಲಿ ಮದ್ದು ತುಂಬುವ ಕಾಲ ಹೋಯಿತಲ್ಲ ಅಂತ ನಾನು ಅಳುತ್ತಿದ್ದೇನೆ ಅಂದುಕೊಳ್ಳಬೇಡಿ. ಕೈ ಕಳೆದುಕೊಂಡವರಿದ್ದಾರೆ, ಕಾಡಿನ ಪ್ರಾಣಿ ಕಳೆದುಕೊಂಡ ಲೆಕ್ಕವೂ ಇದೆ. 1972ರ ವನ್ಯಜೀವಿ ಕಾಯಿದೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಕೋವಿ ನಮ್ಮಲ್ಲಿ ಬೇಟೆಗೆ ಮಾತ್ರ ಇದ್ದದ್ದಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಗುಡ್ಡದಾಚೆಯ ನೆಂಟರಿಗೆ ಅದೇ ತಂತಿ, ಅದೇ ಫೋನು. ಎರಡು ಸದ್ದು ಕೇಳಿದರೆ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಹೊರಟುಬರುತ್ತಿದ್ದರು.

ಉಜನಿಯ ಹಿನ್ನೀರಿನ ದಡದಲ್ಲಿ ಮನೆ ಮಾಡಿದವನಿಗೆ ಆ ಸದ್ದು ಕೇಳಿಸುವುದಿಲ್ಲ. ಅಣೆಕಟ್ಟು ದಾಟಿದ ಭೀಮಾ ಹರಿದು ಕನ್ನಡದ ನೆಲಕ್ಕೆ ಹೋಗುತ್ತಾಳೆ, ಖಡಕಿಯ ತೋಟಾ ಲಾರಿ ಹತ್ತಿ ದಕ್ಷಿಣಕ್ಕೆ ಹೋಗುತ್ತದೆ. ಈ ಕಡೆಗೆ ಬರುವುದು ಬರೀ ಫೋನು. ಅದರಲ್ಲಿ ‘ದೊಡ್ಡಪ್ಪ ಹೋದರು’ ಅಂತ ಹೇಳಿದ ಮೇಲೆ ನಾವು ಕೇಳುವ ಮೊದಲ ಪ್ರಶ್ನೆ ಇವತ್ತಿಗೂ ಅದೇ: ‘ಗುಂಡು ಹೊಡೆದಾಯಿತಾ?’